ಗುಲಗಂಜಿ ತೂಕದ ಹಣ

ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಹುಂಡಿ ಎಣಿಕೆ ಮುಗಿದ ಮೇಲೆ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ನಗದು ಎಷ್ಟು ಬಂತು ಎಂಬುದು ಮೊದಲು, ಚಿನ್ನ ಎಷ್ಟು ಗ್ರಾಂ, ಬೆಳ್ಳಿ ಎಷ್ಟು ಕೆ.ಜಿ. ಎಂಬುದು ಆಮೇಲೆ. ಕೊನೆಗೊಂದು ಸಾಲು: ಇದರ ಜೊತೆ ವಿದೇಶಿ ಕರೆನ್ಸಿಯೂ ಸಿಕ್ಕಿದೆ. ಆ ಸಾಲು ಓದಿದವರಿಂದ ನನಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ರಿಂಗಿಟ್ ಅಂದರೆ ಏನರ್ಥ ಸಾರ್? ದಿರ್ಹಂ ಯಾವ ಭಾಷೆಯ ಮಾತು? ಡಾಲರ್ ಶುರುವಾಗುವುದು ಡಿ ಅಕ್ಷರದಿಂದ, ಗೀಟು ಎಳೆಯುವುದು ಎಸ್ ಅಕ್ಷರಕ್ಕೆ, ಇದು ಹೇಗೆ? ಪೌಂಡಿಗೆ ಎಲ್ ಯಾಕೆ? ಹುಲ್ಲಹಳ್ಳಿ ಕಡೆಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು ಮಾತ್ರ ಬೇರೆ ಥರದ್ದು. 'ಅವರೆಲ್ಲರ ದುಡ್ಡಿಗೂ ಒಂದೊಂದು ಹೆಸರಿದೆ, ನಾವು ಸುಮ್ಮನೆ ಹಣ ಅಂತೀವಿ. ಆ ಹಣ ಅನ್ನೋ ಹೆಸರು ಎಲ್ಲಿಂದ ಬಂತು ಸಾರ್?'

ಒಂದೊಂದು ಪ್ರಶ್ನೆಗೂ ಒಂದೊಂದು ಉತ್ತರ ಬರೆಯುತ್ತಾ ಹೋದರೆ ಪಟ್ಟಿಯಾಗುತ್ತದೆ, ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆ ಹುಡುಗಿಯ ಪ್ರಶ್ನೆಯನ್ನೇ ಹಿಡಿದು ಹೊರಟರೆ ಡಾಲರು, ದಿರ್ಹಂ ಎಲ್ಲವೂ ದಾರಿಯಲ್ಲೇ ಸಿಗುತ್ತವೆ. ಅದಕ್ಕೆ ನಂಜನಗೂಡಿನಿಂದ ಕಪಿಲೆ ಹರಿಯುವ ದಿಕ್ಕಿನಲ್ಲೇ ತಿರುಮಕೂಡಲು ನರಸೀಪುರದವರೆಗೆ ಹೋಗಬೇಕು.

ಕಪಿಲೆ ಕಾವೇರಿಯನ್ನು ಕೂಡುವ ಆ ಊರಿನಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿಯಿದೆ. ಗುಂಜಾ ಅಂದರೆ ಗುಲಗಂಜಿ. ಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದಿದ್ದಾನೆ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಭಕ್ತರಿಗೆ ತೋರಿಸುತ್ತಿದ್ದಾನೆ ಎಂಬುದು ಇಲ್ಲಿನವರ ನಂಬಿಕೆ. ಚಿಕ್ಕಂದಿನಿಂದ ಈ ಮಾತು ಕೇಳಿಕೊಂಡೇ ಬೆಳೆದವನು ನಾನು. ವಯಸ್ಸಾಗುತ್ತಾ ಹೋದಂತೆ ನನ್ನ ಗಮನ ಕಾಶಿಯ ಕಡೆಗಿಂತ ಆ ಅಳತೆಯ ಕಡೆಗೇ ಹೋಯಿತು. ಎರಡು ಪುಣ್ಯಕ್ಷೇತ್ರಗಳನ್ನು ತೂಗಿ ನೋಡುವಾಗ ನಮ್ಮ ಹಿರಿಯರ ಕೈಗೆ ಬಂದ ಬಟ್ಟು ಅಕ್ಕಸಾಲಿಯ ಪೆಟ್ಟಿಗೆಯ ಅತಿ ಸಣ್ಣ ಬಟ್ಟು. ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ ಎಂದು ನಾವು ಇವತ್ತಿಗೂ ಹೇಳುತ್ತೇವಲ್ಲ, ಆ ಮಾತು ಹುಟ್ಟಿದ್ದು ಚಿನ್ನ ತೂಗುವ ಜಾಗದಲ್ಲಿ.

ನಂಜನಗೂಡಿನ ಪೇಟೆಯಲ್ಲಿ ನನಗೆ ಪರಿಚಯವಿರುವ ಹಳೆಯ ಅಕ್ಕಸಾಲಿಯೊಬ್ಬರಿದ್ದಾರೆ. ಈ ಅಂಕಣಕ್ಕಾಗಿಯೇ ಅವರ ಅಂಗಡಿಗೆ ಹೋದೆ. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದಿಂದ ಇರುವ ಒಂದು ಕಂಠೀರಾಯ ಹಣವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋಗಿದ್ದೆ. 'ಆಚಾರ್ರೇ, ಗುಲಗಂಜಿ ಇಟ್ಟಿದ್ದೀರಾ ಈಗಲೂ?' ಎಂದೆ. 'ಇದೆ ಸಾರ್. ತೂಕ ಹಾಕೋಕಲ್ಲ, ನಮ್ಮಪ್ಪಂದು ಅಂತ ಇಟ್ಕೊಂಡಿದ್ದೀನಿ' ಎಂದು ತಗಡಿನ ಡಬ್ಬಿಯೊಂದನ್ನು ತೆಗೆದರು. ಕೆಂಪು ಮೈ, ಕಪ್ಪು ಮೂತಿ. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಒಂದೊಂದನ್ನೇ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟರು. ಒಂದು 118 ಮಿಲಿಗ್ರಾಂ ತೋರಿಸಿತು, ಇನ್ನೊಂದು 109, ಮತ್ತೊಂದು 127. ಒಂದು ಬೀಜ ನಂಬಲಿಕ್ಕೆ ಆಗುವುದಿಲ್ಲ, ಹತ್ತು ಸೇರಿದರೆ ನಂಬಬಹುದು ಎಂದರು ಆಚಾರ್ರು. ಹತ್ತನ್ನೂ ಒಟ್ಟಿಗೆ ಸುರಿದಾಗ 1.19 ಗ್ರಾಂ ಬಂತು. ಪುಸ್ತಕಗಳು ಗುಲಗಂಜಿಗೆ ಕೊಡುವ ತೂಕ ಸುಮಾರು 0.12 ಗ್ರಾಂ. ಆಮೇಲೆ ಅವರೇ ಹುಮ್ಮಸ್ಸಿನಿಂದ ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ತ್ರಾಸನ್ನು ಇಳಿಸಿದರು. ಒಂದು ತಟ್ಟೆಯಲ್ಲಿ ನಮ್ಮ ಮನೆಯ ಹಣ, ಇನ್ನೊಂದರಲ್ಲಿ ಮೂರು ಗುಲಗಂಜಿ. ಮುಳ್ಳು ಒಂದೆರಡು ಸಲ ಆಚೀಚೆ ಆಡಿ, ಬೀಜದ ಕಡೆಗೆ ಕೂದಲೆಳೆಯಷ್ಟು ವಾಲಿ ನಿಂತಿತು.

ಆ ನಾಣ್ಯವನ್ನು ನೋಡದವರಿಗೆ ಹೇಳಬೇಕು: ಅದು ಕಿರುಬೆರಳ ಉಗುರಿಗಿಂತ ಚಿಕ್ಕದು. ಅಂಗೈಯಲ್ಲಿಟ್ಟುಕೊಂಡು ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ ಎಂದು ಅಜ್ಜಿ ನಮ್ಮನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅಷ್ಟು ಸಣ್ಣ ಚಿನ್ನದ ಚೂರಿನ ಮೇಲೆ ಕುಳಿತ ನರಸಿಂಹನ ಆಕೃತಿ ಇದೆ. ಶ್ರೀರಂಗಪಟ್ಟಣದಿಂದ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ತೆರೆದು ಇದನ್ನು ಅಚ್ಚು ಹಾಕಿಸಿದರು. ಕಂಠೀರವ ಎಂದರೆ ಸಿಂಹ, ದೊರೆಯ ಹೆಸರಿನಲ್ಲೂ ಸಿಂಹ, ನಾಣ್ಯದ ಮೇಲೂ ನರಸಿಂಹ. ಇಷ್ಟು ಸಣ್ಣ ನಾಣ್ಯವನ್ನು ಬೆರಳಿನಿಂದ ಎಣಿಸುವುದು ಕಷ್ಟದ ಕೆಲಸ. ಕೇರಳದಲ್ಲಿ ಅದಕ್ಕೆಂದೇ ಸಾಲುಸಾಲಾಗಿ ಸಣ್ಣ ಗುಳಿಗಳನ್ನು ಕೊರೆದ ಮರದ ಹಲಗೆ ಇರುತ್ತಿತ್ತು. ನಾಣ್ಯಗಳನ್ನು ಸುರಿದು ಹಲಗೆ ಅಲ್ಲಾಡಿಸಿದರೆ ಗುಳಿಗೊಂದರಂತೆ ಕೂರುತ್ತಿದ್ದವು, ಹಲಗೆ ತುಂಬಿದರೆ ಲೆಕ್ಕ ಸರಿ.

ಹುಲ್ಲಹಳ್ಳಿಯ ಹುಡುಗಿಗೆ ಉತ್ತರ ಇಲ್ಲಿದೆ. ಹಣ ಎಂಬುದು ದುಡ್ಡಿಗೆಲ್ಲ ಇಟ್ಟ ಸಾಮಾನ್ಯ ಹೆಸರಾಗಿರಲಿಲ್ಲ. ರೂಪಾಯಿ, ಡಾಲರ್ ಇದ್ದ ಹಾಗೆ ಅದೊಂದು ನಾಣ್ಯ. ಹಳಗನ್ನಡದಲ್ಲಿ ಅದು ಪಣ. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಪಣವೂ ಹಣವಾಯಿತು. ತಮಿಳು, ಮಲಯಾಳಂ ಭಾಷೆಗಳಲ್ಲಿ ಪಣಂ ಹಾಗೆಯೇ ಉಳಿಯಿತು, ಇಂಗ್ಲಿಷರ ಲೆಕ್ಕದ ಪುಸ್ತಕದಲ್ಲಿ ಅದು ಫನಂ ಆಯಿತು. ಜೂಜಿನಲ್ಲಿ ಒಡ್ಡುವ ಪಣಕ್ಕೆ ಮಾತ್ರ ಕನ್ನಡದಲ್ಲಿ ಹಳೆಯ ಪಕಾರವೇ ಇದೆ. ಹಣದ ಕಾಲು ಭಾಗಕ್ಕೆ ಹಾಗ ಎನ್ನುತ್ತಿದ್ದರು, ಹದಿನಾರನೆಯ ಒಂದು ಭಾಗಕ್ಕೆ ವೀಸ. ಮೇಲಕ್ಕೆ ಹೋದರೆ ಹತ್ತು ಕಂಠೀರಾಯ ಹಣಕ್ಕೆ ಒಂದು ಕಂಠೀರಾಯ ವರಹ. ಈ ಕಂಠೀರಾಯ ವರಹ ಮಾತ್ರ ನಾಣ್ಯವಾಗಿ ಅಚ್ಚಾಗಲೇ ಇಲ್ಲ, ಲೆಕ್ಕದಲ್ಲಷ್ಟೇ ಇತ್ತು. ಕಣ್ಣಿಗೆ ಕಾಣದ ದುಡ್ಡನ್ನು ಮೊಬೈಲಿನಲ್ಲಿ ಕಳಿಸುವ ನಮಗೆ ಅದು ವಿಚಿತ್ರ ಅನ್ನಿಸಬಾರದು. ಮೂರು ಗುಲಗಂಜಿ ಚಿನ್ನದ ಒಂದು ನಾಣ್ಯ ಎಷ್ಟು ಮನೆಮಾತಾಗಿರಬೇಕೆಂದರೆ ಅದರ ಹೆಸರೇ ಸಂಪತ್ತಿಗೆಲ್ಲ ಹೆಸರಾಯಿತು. ಹಣವಂತ, ಹಣಕಾಸು, ಹಣದುಬ್ಬರ, ಎಲ್ಲದರೊಳಗೂ ಆ ಚೂರು ಇದೆ. ಹಣಕಾಸು ಇಲಾಖೆ ಎಂಬ ಫಲಕದಲ್ಲಿ ಒಂದಲ್ಲ, ಎರಡು ಹಳೆಯ ನಾಣ್ಯಗಳು ಜೊತೆಯಾಗಿ ಕೂತಿವೆ, ಒಂದು ಚಿನ್ನದ್ದು, ಒಂದು ತಾಮ್ರದ್ದು.

ಲೋಕದ ಬಹುಪಾಲು ದುಡ್ಡಿನ ಹೆಸರುಗಳ ಮೂಲ ಹೀಗೆ ತ್ರಾಸಿನಲ್ಲಿದೆ. ಪೌಂಡ್ ಎಂಬುದು ತೂಕ, ಒಂದು ಪೌಂಡ್ ಬೆಳ್ಳಿಯಿಂದ 240 ಪೆನ್ನಿ ಅಚ್ಚು ಹಾಕುತ್ತಿದ್ದ ಕಾಲದ ನೆನಪು. ಇಟಲಿಯ ಲಿರಾ ಬಂದದ್ದು ಅದೇ ತೂಕದ ಲ್ಯಾಟಿನ್ ಹೆಸರಾದ ಲಿಬ್ರಾದಿಂದ. ಸ್ಪೇನಿನವರ ಪೆಸೊ ಎಂದರೆ ತೂಕ ಎಂದೇ ಅರ್ಥ. ಥಾಯ್ಲೆಂಡಿನ ಬಾತ್ ಅಲ್ಲಿನ ಚಿನ್ನದಂಗಡಿಗಳಲ್ಲಿ ಇಂದಿಗೂ ತೂಕ, ಸುಮಾರು 15 ಗ್ರಾಂ. ಇಸ್ರೇಲಿನ ಶೆಕೆಲ್ ಬೈಬಲಿನ ಕಾಲದ ತೂಕ. ನಮ್ಮಲ್ಲಿ ಇದು ತಿರುಗುಮುರುಗಾಗಿಯೂ ನಡೆಯಿತು. ಕಂಪನಿ ಸರ್ಕಾರ 1835ರಲ್ಲಿ ಇಡೀ ದೇಶಕ್ಕೆ ಒಂದೇ ಬೆಳ್ಳಿ ರೂಪಾಯಿ ತಂದಾಗ ಅದರ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಆಮೇಲೆ ಅಂಗಡಿಯವರು ರೂಪಾಯಿ ನಾಣ್ಯವನ್ನೇ ಬಟ್ಟಾಗಿ ಬಳಸತೊಡಗಿದರು. ನಾಟಿ ಔಷಧಿ ಕೊಡುವ ಹಿರಿಯರು 'ಒಂದು ರೂಪಾಯಿ ತೂಕ ಹಾಕು' ಎನ್ನುವುದನ್ನು ನಾನೇ ಕೇಳಿದ್ದೇನೆ. ಅವರ ಮನಸ್ಸಿನಲ್ಲಿದ್ದದ್ದು ಬೆಲೆಯಲ್ಲ, ತೊಲ.

ಹಾಗಾದರೆ ರೂಪಾಯಿ ಎಂಬ ಹೆಸರು? ಅದು ತೂಕದ್ದಲ್ಲ, ಅಚ್ಚಿನದು. ಪಾಣಿನಿಯ ವ್ಯಾಕರಣದಲ್ಲೇ ರೂಪ್ಯ ಎಂಬ ಮಾತಿಗೆ ಅಚ್ಚೊತ್ತಿದ್ದು ಎಂಬ ಅರ್ಥವಿದೆ. ಲೋಹದ ಮೇಲೆ ಒಂದು ರೂಪ ಮೂಡಿಸಿದರೆ ಅದು ರೂಪ್ಯ. ಬೆಳ್ಳಿಗೂ ಅದೇ ಹೆಸರು ನಿಂತಿತು. 1540ರಿಂದ 1545ರವರೆಗೆ ದೆಹಲಿ ಆಳಿದ ಶೇರ್ ಶಹಾ ಸೂರಿ ಸುಮಾರು ಹನ್ನೊಂದೂವರೆ ಗ್ರಾಂ ಬೆಳ್ಳಿಯ ನಾಣ್ಯ ಹೊರಡಿಸಿ ರೂಪಿಯಾ ಎಂದು ಕರೆದ. ಅವನ ನಂತರ ಬಂದ ಮೊಗಲರು, ಮರಾಠರು, ಕಂಪನಿ ಎಲ್ಲರೂ ಅದನ್ನೇ ಮುಂದುವರಿಸಿದರು. ಇಂಡೋನೇಷ್ಯಾದ ರೂಪಿಯಾ, ಮಾಲ್ಡೀವ್ಸಿನ ರುಫಿಯಾ, ಮಾರಿಷಸ್ ಮತ್ತು ಸೇಶೆಲ್ಸಿನ ರೂಪಾಯಿ, ಎಲ್ಲ ಅದೇ ಮನೆತನ. ಅಚ್ಚನ್ನು ಬಿಟ್ಟು ನಾಣ್ಯದ ಅಂಚಿನಿಂದ ಹೆಸರು ಪಡೆದದ್ದು ಮಲೇಷ್ಯಾದ ರಿಂಗಿಟ್. ಸ್ಪೇನಿನ ಬೆಳ್ಳಿ ನಾಣ್ಯಗಳ ಅಂಚು ಗರಗಸದ ಹಲ್ಲಿನಂತೆ ಇರುತ್ತಿತ್ತು, ಮಲಯ ಭಾಷೆಯಲ್ಲಿ ರಿಂಗಿಟ್ ಎಂದರೆ ಹಾಗೆ ಹಲ್ಲುಹಲ್ಲಾಗಿರುವುದು. ಜಪಾನಿನ ಯೆನ್, ಚೀನಾದ ಯುವಾನ್, ಕೊರಿಯಾದ ವಾನ್ ಮೂರೂ ದುಂಡಗಿರುವುದು ಎಂಬ ಒಂದೇ ಮಾತಿನಿಂದ ಬಂದವು.

ಹುಂಡಿಯಲ್ಲಿ ಬೀಳುವ ದಿರ್ಹಂ ಗ್ರೀಕರ ಡ್ರಾಕ್ಮಾದ ಅರಬ್ಬಿ ರೂಪ, ಮೂಲದಲ್ಲಿ ಒಂದು ಹಿಡಿ ಎಂದರ್ಥ. ದಿನಾರ್ ರೋಮನ್ನರ ಡಿನೇರಿಯಸ್. ರಿಯಾಲ್ ಬಂದದ್ದು ಸ್ಪೇನಿನ ರಿಯಾಲ್ ನಾಣ್ಯದಿಂದ, ಅಂದರೆ ರಾಜನದು. ನಮ್ಮ ಕಡೆಯ ಹುಡುಗರು ದುಬೈಯಲ್ಲಿ ದುಡಿದು ಊರಿಗೆ ಬಂದಾಗ ಹರಕೆ ಎಂದು ನಂಜುಂಡನಿಗೆ ಹಾಕುವ ನೋಟುಗಳಿವು. ಅವರ ತಾತಂದಿರ ಕಾಲದಲ್ಲಿ ಕೊಲ್ಲಿ ದೇಶಗಳಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿಯೇ ಎಂದರೆ ಅವರಿಗೆ ನಂಬಿಕೆ ಬರುವುದಿಲ್ಲ. 1959ರಲ್ಲಿ ಭಾರತದ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕಿತ್ತು. ಕುವೈತ್ 1961ರಲ್ಲಿ ತನ್ನ ದಿನಾರ್ ತಂದಿತು, ಉಳಿದವು 1966ರ ಹೊತ್ತಿಗೆ ಒಂದೊಂದಾಗಿ ಬಿಟ್ಟವು, ಒಮಾನ್ 1970ರವರೆಗೂ ಇಟ್ಟುಕೊಂಡಿತ್ತು. ದುಬೈಯ ಈಗಿನ ದಿರ್ಹಂ ಹುಟ್ಟಿದ್ದು 1973ರಲ್ಲಿ.

ಇನ್ನು ಲಾಂಛನದಿಂದ ಬಂದ ಹೆಸರುಗಳು. ಇದರಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಚಾಲುಕ್ಯರ ಲಾಂಛನ ವರಾಹ. ಆ ಗುರುತಿನ ಚಿನ್ನದ ನಾಣ್ಯ ಜನರ ಬಾಯಲ್ಲಿ ವರಹವಾಯಿತು. ವಿಜಯನಗರದ ಬಹಳಷ್ಟು ನಾಣ್ಯಗಳ ಮೇಲೆ ವರಾಹವಿಲ್ಲ, ಹನುಮಂತನೋ ಉಮಾಮಹೇಶ್ವರರೋ ಇದ್ದಾರೆ. ಆದರೂ ಅವೆಲ್ಲವೂ ವರಹವೇ. ಇಕ್ಕೇರಿ ನಾಯಕರ ಚಿನ್ನದ ನಾಣ್ಯದ ಮೇಲೆ ಶಿವಪಾರ್ವತಿಯರು, ಅದೂ ವರಹ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರವನ್ನಷ್ಟೇ ಹಾಕಿಸಿದ. ಅದು ಬಹದ್ದೂರಿ ವರಹ. ಜನ ಕಂಡು ನಂಬಿದ ನಾಣ್ಯದ ಮುಖ ಬದಲಿಸಬಾರದು ಎಂಬುದು ಅವನಿಗೆ ಗೊತ್ತಿತ್ತು. ಐರೋಪ್ಯರು ವರಹವನ್ನು ಪಗೋಡ ಎಂದರು. ಮದ್ರಾಸಿನಲ್ಲಿ ಅಚ್ಚಾದ ನಕ್ಷತ್ರದ ಗುರುತಿನದು ಸ್ಟಾರ್ ಪಗೋಡ. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ ಕೊಡಬೇಕಾಗಿದ್ದದ್ದು ಅಂಥ 7 ಲಕ್ಷ ಸ್ಟಾರ್ ಪಗೋಡ. ಪ್ರಾಣಿಯ ಹೆಸರಿನ ದುಡ್ಡು ನಮ್ಮಲ್ಲಷ್ಟೇ ಇಲ್ಲ. ರೊಮೇನಿಯದವರ ಲೆಯು ಎಂದರೆ ಸಿಂಹ. ಅಲ್ಲಿ ಓಡಾಡುತ್ತಿದ್ದ ಡಚ್ಚರ ನಾಣ್ಯದ ಮೇಲೆ ಸಿಂಹವಿತ್ತು. ನಮ್ಮ ಕಂಠೀರಾಯನಿಗೆ ದೂರದಲ್ಲೊಬ್ಬ ದಾಯಾದಿ ಇದ್ದಾನೆ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಗಿತ್ತು.

ಹೆಸರನ್ನು ದೊರೆ ಇಡಬಹುದು, ಉಳಿಸುವುದು ಸಂತೆ ಎಂಬುದು ಈ ವಿಷಯವನ್ನು ಓದುತ್ತಾ ಓದುತ್ತಾ ನನಗೆ ಗಟ್ಟಿಯಾದ ಅಭಿಪ್ರಾಯ. ಟಿಪ್ಪು ಸುಲ್ತಾನನಷ್ಟು ಆಸ್ಥೆಯಿಂದ ನಾಣ್ಯಗಳಿಗೆ ಹೆಸರಿಟ್ಟವರು ನಮ್ಮ ಚರಿತ್ರೆಯಲ್ಲಿ ಮತ್ತೊಬ್ಬರಿಲ್ಲ. ಬೆಳ್ಳಿಯ ರೂಪಾಯಿಗೆ ಇಮಾಮಿ, ಎರಡು ರೂಪಾಯಿಗೆ ಹೈದರಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ. ಆನೆಯ ಚಿತ್ರವಿದ್ದ ತಾಮ್ರದ ಕಾಸುಗಳಿಗೆ ಆಕಾಶದ ಹೆಸರುಗಳು: ಪೈಸೆ ಜೋಹ್ರಾ, ಅಂದರೆ ಶುಕ್ರಗ್ರಹ. ಅರ್ಧ ಪೈಸೆ ಬಹ್ರಾಮ್, ಅಂದರೆ ಮಂಗಳ. ಕಾಲು ಪೈಸೆ ಅಖ್ತರ್, ಅಂದರೆ ನಕ್ಷತ್ರ. ಅದರ ಅರ್ಧ ಕುತುಬ್, ಧ್ರುವನಕ್ಷತ್ರ. ಎಷ್ಟು ಚೆಂದದ ಕಲ್ಪನೆ! 1799ರ ನಂತರ ಆ ಹೆಸರುಗಳಲ್ಲಿ ಒಂದೂ ನಮ್ಮ ಮಾತಿನಲ್ಲಿ ಉಳಿಯಲಿಲ್ಲ. ಕಾಸು ಉಳಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು' ಎಂದೂ, ಶ್ರೀ ಚಾಮುಂಡಿ ಎಂದೂ ಇದೆ. ಜೊತೆಗೇ ಇಂಗ್ಲಿಷಿನಲ್ಲಿ ರೋಮನ್ ಅಂಕಿ ಹಾಕಿ ಕ್ಯಾಶ್ ಎಂದಿದೆ. ಆ ಕ್ಯಾಶ್ ಬೇರೇನೂ ಅಲ್ಲ, ನಮ್ಮ ಕಾಸು ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷರ ಬಾಯಿಂದ ವಾಪಸ್ಸು ಬಂದದ್ದು. ನಗದು ಎಂಬ ಅರ್ಥದ ಇಂಗ್ಲಿಷ್ ಕ್ಯಾಶ್ ಬೇರೆ, ಅದರ ಮೂಲ ಯುರೋಪಿನ ಹಣದ ಪೆಟ್ಟಿಗೆಯಲ್ಲಿದೆ. ಎರಡಕ್ಕೂ ಉಚ್ಚಾರ ಒಂದೇ ಆದದ್ದು ಆಕಸ್ಮಿಕ.

ನಮ್ಮ ಕಣ್ಣೆದುರಿನ ಉದಾಹರಣೆ ಬೇಕೆಂದರೆ ನಾಲ್ಕಾಣೆ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ ಎಂಬ ಲೆಕ್ಕ 1957ರ ಏಪ್ರಿಲ್ 1ರಂದು ಮುಗಿದು 100 ನಯಾ ಪೈಸೆಯ ಲೆಕ್ಕ ಬಂತು. 1964ರಲ್ಲಿ ನಯಾ ಎಂಬುದನ್ನು ಸರ್ಕಾರವೇ ಕೈಬಿಟ್ಟಿತು. ಆದರೆ ನಂಜನಗೂಡಿನ ಸಂತೆಯಲ್ಲಿ 25 ಪೈಸೆ ನಾಣ್ಯವನ್ನು ಯಾರೂ ಇಪ್ಪತ್ತೈದು ಪೈಸೆ ಎಂದು ಕರೆದದ್ದು ನಾನು ಕಾಣೆ. ಅದು ನಾಲ್ಕಾಣೆ, ಐವತ್ತು ಪೈಸೆ ಎಂಟಾಣೆ. ಆಣೆ ಸತ್ತು ಅರ್ಧ ಶತಮಾನ ಕಳೆದ ಮೇಲೆ, 2011ರ ಜೂನ್ ಕೊನೆಗೆ ನಾಲ್ಕಾಣೆ ನಾಣ್ಯವೇ ಚಲಾವಣೆಯಿಂದ ಹೋಯಿತು. ಹದಿನಾರಾಣೆ ಸತ್ಯ ಎಂಬ ಮಾತು ಮಾತ್ರ ಆಣೆ ನೋಡದ ಹುಡುಗರ ಬಾಯಲ್ಲೂ ಇದೆ.

ಚಿಹ್ನೆಗಳ ವಿಷಯಕ್ಕೆ ಬರೋಣ. ಅವುಗಳಲ್ಲಿ ಹೆಚ್ಚಿನವು ದೊಡ್ಡ ರಹಸ್ಯವೇನಲ್ಲ, ಬರೆಯುವವರ ಕೈ ಮಾಡಿದ ಸಂಕ್ಷೇಪ. ಅದನ್ನು ಅರ್ಥ ಮಾಡಿಕೊಳ್ಳಲು ಲಂಡನ್ನಿಗೆ ಹೋಗಬೇಕಿಲ್ಲ, ನಮ್ಮ ಶಾಸನಗಳನ್ನು ನೋಡಿದರೆ ಸಾಕು. ಹೊಯ್ಸಳರ ಕಾಲದ ದತ್ತಿ ಶಾಸನಗಳಲ್ಲಿ ದೇವರ ದೀಪಕ್ಕೆ ಇಷ್ಟು, ನೈವೇದ್ಯಕ್ಕೆ ಇಷ್ಟು ಎಂದು ಮೊತ್ತ ಬರುತ್ತದೆ. ಗದ್ಯಾಣ ಎಂಬುದು ಆಗಿನ ಚಿನ್ನದ ನಾಣ್ಯ. ಕಲ್ಲಿನ ಮೇಲೆ ಪ್ರತಿ ಸಲ ಗದ್ಯಾಣ ಎಂದು ಪೂರ್ತಿ ಕೆತ್ತಲು ಶ್ರಮ, ಜಾಗವೂ ಬೇಕು. ಆದ್ದರಿಂದ 'ಗ' ಎಂದು ಒಂದೇ ಅಕ್ಷರ ಕೆತ್ತಿ ಪಕ್ಕದಲ್ಲಿ ಅಂಕಿ ಹಾಕುತ್ತಿದ್ದರು. 'ಗ ೧೦' ಎಂದರೆ ಹತ್ತು ಗದ್ಯಾಣ, 'ಪ ೫' ಎಂದರೆ ಐದು ಪಣ. ಒಂದು ಅಕ್ಷರ, ಅದರ ಮುಂದೆ ಅಂಕಿ. ಇವತ್ತು ₹ ಹಾಕಿ 500 ಎಂದು ಬರೆಯುವುದಕ್ಕೂ ಇದಕ್ಕೂ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ರೂಪಾಯಿಗೆ ಚಿಹ್ನೆ ಬಂದದ್ದು 2010ರಲ್ಲಿ ಇರಬಹುದು, ದುಡ್ಡಿಗೆ ಚಿಹ್ನೆ ಇಡುವ ಪದ್ಧತಿ ಕನ್ನಡಕ್ಕೆ ಎಂಟುನೂರು ವರ್ಷ ಹಳೆಯದು. ಇದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಇಂಗ್ಲೆಂಡಿನವರು ಮಾಡಿದ್ದೂ ಇದನ್ನೇ. £ ಎಂಬುದು ಲಿಬ್ರಾ ಎಂಬ ಲ್ಯಾಟಿನ್ ಮಾತಿನ ಎಲ್. ಅಡ್ಡಗೀಟು ಇದು ಸಂಕ್ಷೇಪ ಎಂದು ಸೂಚಿಸಲು ಅಲ್ಲಿನ ಲಿಪಿಕಾರರು ಎಳೆಯುತ್ತಿದ್ದ ಗೀಟು. ಡಾಲರ್ ಚಿಹ್ನೆಯ ಬಗ್ಗೆ ಹತ್ತಾರು ಕಥೆಗಳಿವೆ. ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದು ಇದನ್ನು: ಅಮೆರಿಕದ ವ್ಯಾಪಾರಿಗಳು ಸ್ಪೇನಿನ ಪೆಸೊ ಎಂಬುದನ್ನು ಪಿ ಮತ್ತು ಎಸ್ ಎಂದು ಚಿಕ್ಕದಾಗಿ ಬರೆಯುತ್ತಿದ್ದರು, ಅವಸರದ ಕೈಯಲ್ಲಿ ಎರಡೂ ಒಂದರ ಮೇಲೊಂದು ಏರಿ, ಪಿ ಅಕ್ಷರದ ಕಂಬವಷ್ಟೇ ಉಳಿದು $ ಆಯಿತು. ಯೂರೋ ಚಿಹ್ನೆ ಮಾತ್ರ ಕೈಬರಹದಲ್ಲಿ ಬೆಳೆದದ್ದಲ್ಲ. ಗ್ರೀಕ್ ಅಕ್ಷರದಿಂದ ಸ್ಫೂರ್ತಿ ಪಡೆದು ಕೂತು ರಚಿಸಿದ್ದು, 1996ರಲ್ಲಿ ಹೊರಬಂತು. ನಮ್ಮ ಹಳೆಯ ಅಂಗಡಿಗಳಲ್ಲಿ ಇನ್ನೂ ಒಂದು ಚಿಹ್ನೆ ಇದೆ, ಅದನ್ನು ಚಿಹ್ನೆ ಎಂದು ಯಾರೂ ಗಮನಿಸುವುದಿಲ್ಲ. ರಸಬಾಳೆ ಮಾರುವವರ ಹಲಗೆಯ ಮೇಲೆ ಬೆಲೆ ಬರೆದು, ಮುಂದೆ ಒಂದು ಓರೆಗೀಟು, ಒಂದು ಅಡ್ಡಗೀಟು ಎಳೆದಿರುತ್ತಾರಲ್ಲ, ಅದು ಬ್ರಿಟಿಷರ ಶಿಲ್ಲಿಂಗ್ ಲೆಕ್ಕದ ಪಳೆಯುಳಿಕೆ. ಓರೆಗೀಟಿನ ಎಡಕ್ಕೆ ಶಿಲ್ಲಿಂಗ್, ಬಲಕ್ಕೆ ಪೆನ್ನಿ. ಪೆನ್ನಿ ಏನೂ ಇಲ್ಲದಿದ್ದರೆ ಅಡ್ಡಗೀಟು. ಬ್ರಿಟನ್ 1971ರಲ್ಲಿ ಶಿಲ್ಲಿಂಗ್ ಬಿಟ್ಟಿತು, ನಮ್ಮ ಬಾಳೆಹಣ್ಣಿನ ಹಲಗೆ ಬಿಟ್ಟಿಲ್ಲ.

₹ ಚಿಹ್ನೆಯನ್ನು ಕೇಂದ್ರ ಸಂಪುಟ ಒಪ್ಪಿದ್ದು 2010ರ ಜುಲೈ 15ರಂದು. ಅದನ್ನು ರಚಿಸಿದವರು ಡಿ. ಉದಯ ಕುಮಾರ್, ಮುಂಬೈ ಐಐಟಿಯಲ್ಲಿ ತಮಿಳು ಅಕ್ಷರ ವಿನ್ಯಾಸದ ಮೇಲೆ ಸಂಶೋಧನೆ ಮಾಡಿದವರು. ದೇವನಾಗರಿಯ ರ ಮತ್ತು ಕಂಬವಿಲ್ಲದ ರೋಮನ್ ಆರ್ ಎರಡನ್ನೂ ಒಂದರಲ್ಲಿ ಕಾಣಿಸಿದ್ದು ಅವರ ಜಾಣ್ಮೆ. ಅದಕ್ಕೂ ಮೊದಲು ನಾವು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಆರ್‌ಎಸ್ ಪಾಕಿಸ್ತಾನಕ್ಕೂ ನೇಪಾಳಕ್ಕೂ ಶ್ರೀಲಂಕಾಕ್ಕೂ ಒಂದೇ ಆಗಿತ್ತು, ಬೇರೆ ಗುರುತು ಬೇಕಿತ್ತು. 2025ರಲ್ಲಿ ಸೌದಿ ಅರೇಬಿಯಾ ರಿಯಾಲಿಗೂ, ಯುಎಇ ದಿರ್ಹಮಿಗೂ ಹೊಸ ಚಿಹ್ನೆ ಮಾಡಿಕೊಂಡವು. ಅದೇ ವರ್ಷ ಮಾರ್ಚಿನಲ್ಲಿ ತಮಿಳುನಾಡು ಸರ್ಕಾರ ತನ್ನ ಬಜೆಟ್ ಲಾಂಛನದಲ್ಲಿ ₹ ಇದ್ದ ಜಾಗಕ್ಕೆ ತಮಿಳಿನ ರೂ ಅಕ್ಷರ ಹಾಕಿದಾಗ ದೊಡ್ಡ ಚರ್ಚೆಯೇ ಎದ್ದಿತು. ನನ್ನನ್ನು ಕೇಳಿದವರಿಗೆ ನಾನು ಹೇಳಿದ್ದು ಇಷ್ಟೆ: ₹ ನನಗೆ ಇಷ್ಟ, ಅದು ಇಡೀ ದೇಶದ್ದು. ಕನ್ನಡ ವಾಕ್ಯದ ನಡುವೆ ರೂ. ಎಂದು ಬರೆಯುವುದೂ ನನಗೆ ಇಷ್ಟ, ಅದು ಶಾಸನದ 'ಗ' ಬಂದ ದಾರಿಯಲ್ಲೇ ಬಂದದ್ದು. ಎರಡೂ ಇರಲಿ.

ನೋಟನ್ನೇ ನೋಡಿ. 1996ರಿಂದ ನಮ್ಮ ಮೈಸೂರಿನಲ್ಲಿಯೇ ನೋಟು ಮುದ್ರಣಾಲಯವಿದೆ. ನೋಟಿನ ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳು, ಮೇಲಿನಿಂದ ನಾಲ್ಕನೆಯದು ಕನ್ನಡ. ಅಲ್ಲಿ ರೂಪಾಯಿಗಳು ಎಂದಿದೆ. ಆದರೆ ಅದೇ ಪಟ್ಟಿಯಲ್ಲಿ ಅಸ್ಸಾಮಿ, ಬಂಗಾಳಿ, ಒಡಿಯಾ ಸಾಲುಗಳನ್ನು ಬಲ್ಲವರಿಂದ ಓದಿಸಿ. ಅಲ್ಲಿ ರೂಪಾಯಿ ಎಂಬ ಮಾತೇ ಇಲ್ಲ, ಟಕಾ, ಟಾಕಾ, ಟಂಕಾ ಎಂದಿದೆ. ನಮ್ಮ ಟಂಕಸಾಲೆಯೊಳಗಿನ ಟಂಕವೇ ಅದು. ಒಂದೇ ನೋಟು, ಒಂದೇ ಬೆಲೆ, ಹೆಸರು ಮಾತ್ರ ಆಯಾ ಜನರದ್ದು. ರಿಸರ್ವ್ ಬ್ಯಾಂಕೂ ಅದನ್ನು ಒಪ್ಪಿಕೊಂಡಿದೆ.

ಡಾಲರ್ ಎಂಬ ಹೆಸರಿನ ಮಾತು ಉಳಿಯಿತು. ಈಗಿನ ಜೆಕ್ ದೇಶದಲ್ಲಿ ಸಂತ ಯೋಆಕಿಮನ ಹೆಸರಿನ ಒಂದು ಕಣಿವೆಯಿದೆ, ಜರ್ಮನ್ ಭಾಷೆಯಲ್ಲಿ ಯೋಆಕಿಮ್ಸ್‌ತಾಲ್. ಹದಿನಾರನೆಯ ಶತಮಾನದ ಆರಂಭದಲ್ಲಿ ಅಲ್ಲಿ ಬೆಳ್ಳಿಯ ಗಣಿ ಸಿಕ್ಕಿ, ದೊಡ್ಡ ಬೆಳ್ಳಿ ನಾಣ್ಯಗಳು ಅಚ್ಚಾದವು. ಕಣಿವೆಯ ಹೆಸರಿನಿಂದ ಅವು ತಾಲರ್ ಆದವು, ಡಚ್ಚರ ಬಾಯಲ್ಲಿ ದಾಲರ್, ಇಂಗ್ಲಿಷಿನಲ್ಲಿ ಡಾಲರ್. ಒಂದು ಕಣಿವೆಯ ಹೆಸರನ್ನು ಇಡೀ ಲೋಕ ದಿನವೂ ಉಚ್ಚರಿಸುತ್ತಿದೆ.

ನಮ್ಮ ನರಸೀಪುರ ತಾಲ್ಲೂಕಿನ ಒಂದು ಊರೂ ಚಿನ್ನದ ನಾಣ್ಯದ ಮೇಲೆ ಏರಿದೆ. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ. ಆ ಗೆಲುವಿನ ನೆನಪಿಗೆ ಅಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ತಲಕಾಡಿಗೆ ಹೋದವರೆಲ್ಲ ಮರಳಿನ ನಡುವೆ ಆ ಗುಡಿ ನೋಡಿರುತ್ತಾರೆ. ಅವನು ಅಚ್ಚು ಹಾಕಿಸಿದ ಚಿನ್ನದ ಗದ್ಯಾಣವನ್ನು ನೋಡಿದವರು ಕಡಿಮೆ. ಸುಮಾರು 4 ಗ್ರಾಂ ತೂಕ, ಗುಲಗಂಜಿಯಲ್ಲಿ ಹೇಳುವುದಾದರೆ ಮೂವತ್ತಮೂರು. ಒಂದು ಮಗ್ಗುಲಲ್ಲಿ ಸಿಂಹ. ಇನ್ನೊಂದು ಮಗ್ಗುಲಲ್ಲಿ ಮೂರು ಸಾಲು ಕನ್ನಡ ಅಕ್ಷರ: ಶ್ರೀ ತಳಕಾಡುಗೊಂಡ. ತಲಕಾಡನ್ನು ಗೆದ್ದುಕೊಂಡವನು ಎಂದರ್ಥ. ದೊರೆ ತನ್ನ ಸ್ವಂತ ಹೆಸರನ್ನು ಹಾಕಿಸಲಿಲ್ಲ, ಒಂದು ಊರಿನ ಹೆಸರು ಬರುವ ಬಿರುದನ್ನು ಹಾಕಿಸಿದ. ಆ ನಾಣ್ಯ ಕೈಯಿಂದ ಕೈಗೆ ಹೋದಷ್ಟು ದೂರವೂ ತಲಕಾಡಿನ ಹೆಸರು ಕನ್ನಡ ಲಿಪಿಯಲ್ಲಿ ಹೋಯಿತು.

ಪಂಚಲಿಂಗ ದರ್ಶನಕ್ಕೆ ತಲಕಾಡಿಗೆ, ಕುಂಭಮೇಳಕ್ಕೆ ನರಸೀಪುರಕ್ಕೆ ಲಕ್ಷಾಂತರ ಜನ ಬರುತ್ತಾರೆ. ಅವರಿಗೆ ಸ್ನಾನದ ಜಾಗ ತೋರಿಸುವ ಫಲಕಗಳಿವೆ, ಈ ನಾಣ್ಯದ ಒಂದು ಚಿತ್ರವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಕೀರ್ತಿನಾರಾಯಣ ಗುಡಿಯ ದಾರಿಯಲ್ಲಿ ಗದ್ಯಾಣದ ಎರಡೂ ಮಗ್ಗುಲನ್ನು ಮಾರುದ್ದ ದೊಡ್ಡದಾಗಿ ಮಾಡಿ ನಿಲ್ಲಿಸಲಿ. ಪಕ್ಕದಲ್ಲಿ ಹಾಗ, ಹಣ, ವರಹ, ಗದ್ಯಾಣಗಳ ತೂಕವನ್ನು ಗುಲಗಂಜಿಯಲ್ಲೂ ಗ್ರಾಮಿನಲ್ಲೂ ಬರೆಯಲಿ, 'ಗ ೧೦' ಎಂಬುದನ್ನು ಓದುವುದು ಹೇಗೆಂದು ಮಕ್ಕಳಿಗೆ ತಿಳಿಸಲಿ. ಮೈಸೂರಿನಲ್ಲೇ ಕಚೇರಿ ಇರುವ ರಾಜ್ಯ ಪುರಾತತ್ವ ಇಲಾಖೆಗೆ ಈ ವಾರ ಹೀಗೊಂದು ಪತ್ರ ಬರೆಯುತ್ತಿದ್ದೇನೆ. ಹುಲ್ಲಹಳ್ಳಿಯ ಆ ವಿದ್ಯಾರ್ಥಿನಿ ಮತ್ತು ಅವಳ ಗೆಳತಿಯರೂ ಬರೆಯಲಿ, ಅವರ ಪತ್ರಕ್ಕೆ ನನ್ನ ಪತ್ರಕ್ಕಿಂತ ತೂಕ ಹೆಚ್ಚು.